ಬಾರ್ಬಡೋಸ್: ಒಂದು ದ್ವೀಪ, ಎರಡು ಕಡಲು

2024ರ ಜೂನ್ 29. ಟಿ20 ವಿಶ್ವಕಪ್ ಎತ್ತಿ ಹಿಡಿದು ನಮ್ಮ ದ್ರಾವಿಡ್ ಗಂಟಲು ಹರಿಯೋ ಹಾಗೆ ಕೂಗಿದ್ರಲ್ಲ, ನೆನಪಿದ್ಯಾ? ಆ ಮೈದಾನ ಇರೋದು ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ. ಕಡಲು ಅಲ್ಲಿಂದ ಹತ್ತಿರವೇ.

ದ್ವೀಪದ ಉದ್ದ ಸುಮಾರು 34 ಕಿಲೋಮೀಟರ್, ಅಷ್ಟೇ. ಪಶ್ಚಿಮಕ್ಕೆ ಕೆರಿಬಿಯನ್ ಸಮುದ್ರ. ಅಲೆ ಕಮ್ಮಿ, ಈಜೋಕೆ, ಆಮೆ ನೋಡೋಕೆ ಈ ಕಡೆಗೇ ಬನ್ನಿ. ದುಬಾರಿ ಹೋಟೆಲ್ ಮುಂದಿನ ಬೀಚ್ ಕೂಡ ಸಾರ್ವಜನಿಕವೇ, ಧೈರ್ಯವಾಗಿ ಟವೆಲ್ ಹಾಸಿ. ಅಂದ ಹಾಗೆ, ಕಾಲಡಿಯ ಆ ಬಿಳಿ ಮರಳಿನಲ್ಲಿ ಒಂದಷ್ಟು ಪ್ಯಾರಟ್ ಮೀನಿನ ಹಿಕ್ಕೆ! ಪಾಚಿ ಕೆರೆದು ತಿನ್ನುವಾಗ ಹವಳದ ಚೂರೂ ಹೊಟ್ಟೆ ಸೇರುತ್ತೆ, ಪುಡಿಯಾಗಿ ಹೊರಗೆ ಬರುತ್ತೆ.

ಪೂರ್ವಕ್ಕೆ ಬತ್‌ಶೀಬಾ. ಇಲ್ಲಿ ಅಟ್ಲಾಂಟಿಕ್‌ನದ್ದೇ ಅಬ್ಬರ. ಬುಡ ಸವೆದು ಅಣಬೆಯಾಕಾರ ತಾಳಿದ ಬಂಡೆಗಳು. ಅಲೆಗಳನ್ನ ಸರ್ಫಿಂಗ್ ಮಾಡೋರಿಗೆ ಬಿಟ್ಟು, ನೀವು ದಡದಲ್ಲೇ ನಿಂತು ಫೋಟೊ ತೆಗೀರಿ.

ಒಂದು ಎಚ್ಚರಿಕೆ. ಮರದ ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿದ್ರೆ ದೂರ ಇರಿ. ಅದು ಮ್ಯಾಂಚಿನೀಲ್. ಪುಟ್ಟ ಹಸಿರು ಸೇಬಿನಂಥ ಹಣ್ಣು, ಪೂರಾ ವಿಷ. ಮಳೆ ಬಂತು ಅಂತ ಅದರಡಿ ನಿಂತ್ರೆ, ಸೊನೆ ಬೆರೆತ ಹನಿ ಬಿದ್ದಲ್ಲೆಲ್ಲ ಬೊಬ್ಬೆ ಏಳುತ್ತೆ.

ಶುಕ್ರವಾರ ರಾತ್ರಿ ಆಯ್‌ಸ್ಟಿನ್ಸ್ ಅನ್ನೋ ಊರಿಗೆ ಹೋಗೋದು ತಪ್ಪಿಸ್ಕೋಬೇಡಿ: ಸುಟ್ಟ ಮೀನು, ಜೋರು ಹಾಡು, ಜನಜಾತ್ರೆ. ಇನ್ನು ಇಲ್ಲಿನ ರಾಷ್ಟ್ರೀಯ ಊಟ ಹಾರುವ ಮೀನು, ಜೊತೆಗೆ ಕೂಕೂ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವಿದ್ದು. ಮುದ್ದೆ ಉಂಡು ಬೆಳೆದವರಿಗೆ ಹೇಳಿಕೊಡಬೇಕಾ?