ವಿಕಿರಣ ಚಿಕಿತ್ಸಾ ಕೇಂದ್ರಗಳಲ್ಲಿ ವಿಕಿರಣ ಪ್ರಮಾಣದ ನಿಖರತೆಯ ಪರಿಶೀಲನೆ

ಕ್ಯಾನ್ಸರ್ ರೋಗಿಗಳಿಗೆ ನೀಡಲಾಗುವ ವಿಕಿರಣ ಚಿಕಿತ್ಸೆಯಲ್ಲಿ, ವೈದ್ಯರು ನಿಗದಿಪಡಿಸಿದ ಪ್ರಮಾಣಕ್ಕಿಂತ ಕಡಿಮೆ ವಿಕಿರಣ ದೊರೆತಲ್ಲಿ ಗೆಡ್ಡೆಯು ಪೂರ್ಣವಾಗಿ ನಾಶವಾಗದೆ ಮರುಕಳಿಸಬಹುದು. ಹೆಚ್ಚಾದಲ್ಲಿ ಸುತ್ತಲಿನ ಆರೋಗ್ಯವಂತ ಅಂಗಾಂಶಗಳಿಗೆ ಹಾನಿಯಾಗಬಹುದು. ವಿಕಿರಣವು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಯಂತ್ರವು ಹೊರಸೂಸುವ ಪ್ರಮಾಣವನ್ನು ಅಳತೆಯಿಂದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಹೊರಗಿನ ಪರಿಶೀಲನೆಯ ಅಗತ್ಯ

ಪ್ರತಿ ಕೇಂದ್ರದಲ್ಲಿಯೂ ವೈದ್ಯಕೀಯ ಭೌತವಿಜ್ಞಾನಿಯು ಯಂತ್ರವನ್ನು ನಿಯಮಿತವಾಗಿ ಅಳೆಯುತ್ತಾರೆ. ಆದರೆ ಲೆಕ್ಕದ ಮೂಲದಲ್ಲಿಯೇ ತಪ್ಪಿದ್ದಲ್ಲಿ, ಅದೇ ಲೆಕ್ಕವನ್ನು ಪುನಃ ಮಾಡುವುದರಿಂದ ತಪ್ಪು ಹೊರಬೀಳುವುದಿಲ್ಲ. 1996ರಲ್ಲಿ ಕೋಸ್ಟರಿಕಾ ದೇಶದ ಆಸ್ಪತ್ರೆಯೊಂದರಲ್ಲಿ ಹೊಸ ಕೋಬಾಲ್ಟ್ ಆಕರವನ್ನು ಅಳವಡಿಸಿದಾಗ 0.3 ನಿಮಿಷವನ್ನು, ಅಂದರೆ 18 ಸೆಕೆಂಡುಗಳನ್ನು, 30 ಸೆಕೆಂಡುಗಳೆಂದು ಪರಿಗಣಿಸಲಾಯಿತು. ಇದರಿಂದ ಆಕರದ ವಿಕಿರಣ ದರವು ವಾಸ್ತವಕ್ಕಿಂತ ಕಡಿಮೆಯೆಂದು ಲೆಕ್ಕಕ್ಕೆ ಬಂದು, ಚಿಕಿತ್ಸಾ ಅವಧಿಯನ್ನು ಹೆಚ್ಚಿಸಲಾಯಿತು. ಸುಮಾರು ಒಂದು ತಿಂಗಳ ನಂತರ ತಪ್ಪು ಪತ್ತೆಯಾಗುವ ವೇಳೆಗೆ 115 ರೋಗಿಗಳು ಅಧಿಕ ವಿಕಿರಣಕ್ಕೆ ಒಳಗಾಗಿದ್ದರು.

ಪರಿಶೀಲನೆಯ ವಿಧಾನ

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು 1969ರಿಂದ ಅಂಚೆ ಮೂಲಕ ಈ ಪರಿಶೀಲನೆಯನ್ನು ನಡೆಸುತ್ತಿವೆ. ಭಾರತದಲ್ಲಿ ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವು ಇಂತಹ ವ್ಯವಸ್ಥೆಯನ್ನು ಹೊಂದಿದೆ. ಇದರ ಹಂತಗಳು ಸಾಮಾನ್ಯವಾಗಿ ಹೀಗಿವೆ:

1. ವಿಕಿರಣವನ್ನು ದಾಖಲಿಸಿಕೊಳ್ಳುವ ಚಿಕ್ಕ ಮಾಪಕಗಳನ್ನು ಪ್ರಯೋಗಾಲಯವು ಚಿಕಿತ್ಸಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುತ್ತದೆ.
2. ಕೇಂದ್ರವು ಮಾಪಕವನ್ನು ನೀರಿನ ತೊಟ್ಟಿಯಲ್ಲಿರಿಸಿ, ತನ್ನ ಲೆಕ್ಕದಂತೆ ನಿಗದಿತ ಪ್ರಮಾಣವನ್ನು (ಸಾಮಾನ್ಯವಾಗಿ 2 ಗ್ರೇ) ನೀಡಿ ಹಿಂತಿರುಗಿಸುತ್ತದೆ.
3. ಮಾಪಕವನ್ನು ಕಾಯಿಸಿದಾಗ ಹೊರಬರುವ ಬೆಳಕನ್ನು ಅಳೆದು, ಅದು ವಾಸ್ತವವಾಗಿ ಪಡೆದ ಪ್ರಮಾಣವನ್ನು ಪ್ರಯೋಗಾಲಯವು ಕಂಡುಕೊಳ್ಳುತ್ತದೆ. ಅಂತರರಾಷ್ಟ್ರೀಯ ಸಂಸ್ಥೆಯು 2017ರಿಂದ ಗಾಜಿನ ಮಾಪಕಗಳನ್ನು ಬಳಸುತ್ತಿದೆ.
4. ವ್ಯತ್ಯಾಸವು ಶೇ. 5ರ ಮಿತಿಯೊಳಗಿದ್ದಲ್ಲಿ ಫಲಿತಾಂಶವನ್ನು ಒಪ್ಪಲಾಗುತ್ತದೆ. ಮಿತಿ ಮೀರಿದಲ್ಲಿ ಕಾರಣವನ್ನು ಪತ್ತೆಹಚ್ಚಿ, ಪರಿಶೀಲನೆಯನ್ನು ಪುನಃ ನಡೆಸಲಾಗುತ್ತದೆ.

ಈ ಪರಿಶೀಲನೆಯಲ್ಲಿ ರೋಗಿಗಳನ್ನು ಬಳಸಲಾಗುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

ಕರ್ನಾಟಕವೂ ಸೇರಿದಂತೆ ದೇಶದ ಯಾವುದೇ ವಿಕಿರಣ ಚಿಕಿತ್ಸಾ ಕೇಂದ್ರವು 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಕಾರ್ಯನಿರ್ವಹಿಸುವಂತಿಲ್ಲ. ಚಿಕಿತ್ಸೆಗೆ ನೋಂದಾಯಿಸುವ ಮುನ್ನ ರೋಗಿಗಳು ಅಥವಾ ಅವರ ಸಂಬಂಧಿಕರು ಕೆಳಕಂಡ ವಿವರಗಳನ್ನು ಕೇಳಬಹುದಾಗಿದೆ:

ಅ) ಯಂತ್ರಕ್ಕೆ ಮಂಡಳಿಯ ಪರವಾನಗಿ ಚಾಲ್ತಿಯಲ್ಲಿದೆಯೇ?
ಆ) ಕೇಂದ್ರದಲ್ಲಿ ಅರ್ಹ ವೈದ್ಯಕೀಯ ಭೌತವಿಜ್ಞಾನಿ ಇದ್ದಾರೆಯೇ?
ಇ) ಹೊರಗಿನ ಪ್ರಯೋಗಾಲಯದಿಂದ ಕೊನೆಯ ಪರಿಶೀಲನೆ ಯಾವಾಗ ನಡೆಯಿತು? ಫಲಿತಾಂಶವೇನು?

ಸಂದೇಹವಿದ್ದಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸದೆ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ವಿವರಣೆ ಪಡೆಯತಕ್ಕದ್ದು. ನಡುವೆ ಚಿಕಿತ್ಸೆ ತಪ್ಪಿದಲ್ಲಿ ಅದರ ಪರಿಣಾಮ ಕುಂದುತ್ತದೆ.