ಒಲೆಯ ಮುಂದಿನ ಅಹಿಂಸೆ

ಹೊಸದುರ್ಗ ತಾಲ್ಲೂಕಿನ ಬಾಗೂರು ಚೆನ್ನಕೇಶವನ ಸನ್ನಿಧಿಯಿಂದ ಹೆಸರಾದ ಊರು. ಇದೇ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಈ ಸೀಮೆಯ ಮನೆಗಳಲ್ಲಿ ಹಿಂದೆ ನಸುಕಿನಲ್ಲಿ ಬೂದಿ ತೆಗೆದು, ಒಲೆ ಸಾರಿಸಿ, ಆಮೇಲೆ ಬೆಂಕಿ ಹೊತ್ತಿಸುತ್ತಿದ್ದರು. ಇಂದು ಮಣ್ಣಿನ ಒಲೆಯ ಸ್ಥಾನಕ್ಕೆ ಗ್ಯಾಸ್ ಒಲೆ ಬಂದಿದೆ. ಒಲೆ ಬದಲಾದರೂ ಅದರ ಮುಂದೆ ನಿಂತವರ ಹೊಣೆ ಬದಲಾಗಿಲ್ಲ.

ಗೃಹಸ್ಥನ ಮನೆಯಲ್ಲಿ ಅರಿವಿಲ್ಲದೆಯೇ ಜೀವಹಾನಿಯಾಗುವ ಐದು ಎಡೆಗಳನ್ನು ‘ಪಂಚಸೂನೆ’ ಎನ್ನುತ್ತಾರೆ: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ ಮತ್ತು ಪೊರಕೆ. ಇವುಗಳಲ್ಲಿ ಒಲೆಯೂ ಇದೆ, ಶುಚಿಗೊಳಿಸುವ ಪೊರಕೆಯೂ ಇದೆ. ಒಲೆಯನ್ನು ಕೊಳೆಯಾಗಿ ಬಿಟ್ಟರೆ ಇರುವೆ, ಜಿರಲೆಗಳು ಸೇರಿ ಬೆಂಕಿಗೆ ಸಿಲುಕುತ್ತವೆ. ಉಜ್ಜಿ ತೊಳೆದರೆ ಅಲ್ಲಿಯೂ ಹಿಂಸೆಯ ಸಂಭವ. ಹಾಗಾದರೆ ಶ್ರಾವಕನಿಗೆ ದಾರಿ ಯಾವುದು?

ಪ್ರಮಾದಕ್ಕೆ ಒಳಗಾಗಿ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಅಡುಗೆಯಂತಹ ಕಾರ್ಯಗಳಲ್ಲಿ ಉಂಟಾಗುವ ಆರಂಭೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರ. ಎಚ್ಚರದಿಂದ ಅದನ್ನು ಕಡಿಮೆ ಮಾಡಬಲ್ಲ. ದಿಗಂಬರ ಮುನಿಗಳು ಕುಳಿತುಕೊಳ್ಳುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಅಡುಗೆಮನೆಯ ಮೆತ್ತನೆಯ ಬಟ್ಟೆ ಗೃಹಸ್ಥನ ಪಾಲಿನ ಪಿಂಛಿಯಾಗಬೇಕು.

ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಪಾತ್ರೆಯಿಡುವ ಜಾಲರಿಯನ್ನು ಎತ್ತಿ, ಬರ್ನರಿನ ಸುತ್ತ ಕಣ್ಣಾಡಿಸಬೇಕು. ಇರುವೆಗಳಿದ್ದರೆ ಒಣಬಟ್ಟೆಯಿಂದ ಮೆಲ್ಲಗೆ ಸರಿಸಿ, ಅವು ಹೋಗುವವರೆಗೆ ಕಾಯಬೇಕು. ಉಕ್ಕಿದ ಹಾಲು, ಚೆಲ್ಲಿದ ಬೆಲ್ಲದ ಪಾಕ, ಒಗ್ಗರಣೆಯ ಜಿಡ್ಡು ಇವೇ ಜೀವಿಗಳನ್ನು ಕರೆಯುವುದು. ಆದುದರಿಂದ ಅಡುಗೆ ಮುಗಿದು ಒಲೆ ಆರಿದ ಕೂಡಲೇ, ರೆಗ್ಯುಲೇಟರ್ ಮುಚ್ಚಿ, ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯಲ್ಲಿ ಈ ಕೆಲಸವೂ ಹಗಲ ಬೆಳಕಿನಲ್ಲಿಯೇ ನಡೆಯುತ್ತದೆ. ಸಣ್ಣ ಜೀವಿಗಳು ಕಣ್ಣಿಗೆ ಬೀಳುತ್ತವೆ.

ರೊಟ್ಟಿ, ಹಪ್ಪಳ ಸುಡುವ ಜಾಲರಿಗೆ ಅಂಟಿದ ಕರಿಯನ್ನು ತೆಗೆಯಲು ತೀಕ್ಷ್ಣವಾದ ಆಮ್ಲ ಬೇಕಿಲ್ಲ. ಸೋಸಿದ ನೀರನ್ನು ಬಿಸಿಮಾಡಿ, ಅಡುಗೆ ಸೋಡಾ ಬೆರೆಸಿ ಸ್ವಲ್ಪ ಹೊತ್ತು ನೆನೆಸಿದರೆ ಕರಿ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಭಾಗಗಳು ಸೋಡಾದಲ್ಲಿ ಕಪ್ಪಾಗುವುದರಿಂದ ಅವನ್ನು ಅದರಲ್ಲಿ ನೆನೆಸಬಾರದು. ಬಿಸಿನೀರನ್ನು ಹಾಗೆಯೇ ಮೋರಿಗೆ ಸುರಿಯದೆ, ಆರಿದ ಮೇಲೆ ಚೆಲ್ಲಬೇಕು, ಮೋರಿಯಲ್ಲಿಯೂ ಜೀವಗಳಿವೆ. ಬರ್ನರಿನ ರಂಧ್ರಗಳು ಕಟ್ಟಿಕೊಂಡರೆ ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ, ಇಂಧನವೂ ವ್ಯರ್ಥ. ಅಗ್ನಿಯೂ ಏಕೇಂದ್ರಿಯ ಜೀವವೆಂದು ನಂಬುವವರಿಗೆ ಈ ವ್ಯರ್ಥ ಸಣ್ಣದಲ್ಲ. ದಿನದಿನದ ಕೊಳೆಯನ್ನು ಕಡೆಗಣಿಸಿ, ಜಿರಲೆ ಹೆಚ್ಚಿದಾಗ ವಿಷ ಸಿಂಪಡಿಸುವುದು ಮೊದಲನೆಯ ಆಲಸ್ಯಕ್ಕೆ ಸಂಕಲ್ಪದ ಹಿಂಸೆಯನ್ನೇ ಸೇರಿಸಿದಂತೆ.

ಈ ಎಚ್ಚರ ಮನೆಯೊಡತಿಯ ಹೊಣೆ ಮಾತ್ರವೆಂದು ಉಳಿದವರು ಭಾವಿಸುವುದುಂಟು. ಜಿನಧರ್ಮ ಅದನ್ನು ಒಪ್ಪುವುದಿಲ್ಲ. ಮಾಡಿದವನಿಗೂ, ಮಾಡಿಸಿದವನಿಗೂ, ಅನುಮೋದಿಸಿದವನಿಗೂ ಕರ್ಮಬಂಧವುಂಟು. ಬೇಯಿಸಿದವಳಷ್ಟೇ ಉಂಡವನೂ ಆ ಒಲೆಗೆ ಸಂಬಂಧಪಟ್ಟವನು. ಊಟದ ಬಳಿಕ ಮಗನೋ ಗಂಡನೋ ಬಟ್ಟೆ ಹಿಡಿದು ಒಲೆ ಒರೆಸಿದರೆ, ಅದು ಉಪಕಾರವಲ್ಲ. ತನ್ನ ಪಾಲಿನ ವ್ರತಪಾಲನೆ.

ಬಸದಿಯಲ್ಲಿ ಕೈಮುಗಿದು ಕೇಳಿದ ಅಹಿಂಸೆ ಮನೆಗೆ ಬಂದು ನಿಲ್ಲಬೇಕಾದ ಮೊದಲ ಸ್ಥಳ ಒಲೆಯ ಮುಂಭಾಗ. ಬೆಂಕಿಕಡ್ಡಿ ಗೀರುವ ಮುನ್ನ ಒಂದು ಕ್ಷಣ ಬಾಗಿ ನೋಡಿದರೆ, ಒಂದು ಇರುವೆಯಾದರೂ ಬದುಕಿಕೊಳ್ಳುತ್ತದೆ.