ಹಳೆಯ ಜೀಪಿಗೆ ಟ್ರೇಲರ್: ಮೊದಲು ಚುಕ್ಕಾಣಿ, ಆಮೇಲೆ ಕೊಂಡಿ

ನಮ್ಮ ತಾಳವಾಡಿ ಸೀಮೆಯಲ್ಲಿ ಎತ್ತಿನ ಗಾಡಿಗಳು ಕಡಮೆಯಾಗುತ್ತ ಬಂದಂತೆ ಹಳೆಯ ಜೀಪುಗಳಿಗೆ ಬೆಲೆ ಬಂದಿದೆ. ಗೊಬ್ಬರದ ಚೀಲ, ಎಲೆಕೋಸು, ಬಾಳೆಗೊನೆ, ದನದ ಮೇವು ಇವನ್ನೆಲ್ಲ ಸಾಗಿಸುವುದಕ್ಕೆ ಜೀಪಿನ ಹಿಂದೆ ಚಿಕ್ಕದೊಂದು ಟ್ರೇಲರ್ ಇದ್ದರೆ ಎರಡು ಸಲದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಆದುದರಿಂದ ರೈತ ಬಾಂಧವರು ನಮ್ಮನ್ನು ಕಂಡಾಗ, “ಮೇಷ್ಟ್ರೇ, ಕೊಂಡಿ ಎಲ್ಲಿ ಹಾಕಿಸಬೇಕು?” ಎಂದು ಕೇಳುವುದುಂಟು. ಅದಕ್ಕೆ ನಮ್ಮ ಉತ್ತರ ಒಂದೇ: ಕೊಂಡಿಯ ಮಾತು ಆಮೇಲೆ, ಮೊದಲು ಚುಕ್ಕಾಣಿಯನ್ನು, ಅಂದರೆ ಸ್ಟೀರಿಂಗನ್ನು, ಪರೀಕ್ಷಿಸಿರಿ. ಹೀಗೆ ಹೇಳುವುದಕ್ಕೆ ಕಾರಣವನ್ನೂ, ಎರಡೂ ಕೆಲಸಗಳ ಕ್ರಮವನ್ನೂ ಇಲ್ಲಿ ವಿವರಿಸುತ್ತೇವೆ.

ನಾವು ಉದಾಹರಣೆಗೆ ತೆಗೆದುಕೊಳ್ಳುವುದು ಮಹೀಂದ್ರದವರ ಹಳೆಯ ಸಿ.ಜೆ. 3ಬಿ ಮಾದರಿಯ ಜೀಪನ್ನು. ಈಗಿನವರು ಎಸ್‌ಯುವಿ ಎಂದು ಕರೆಯುವ ವಾಹನಗಳಿಗೆಲ್ಲ ಇದು ಹಿರಿಯಣ್ಣ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿ, ಅಲ್ಲಿ ನಿಂತುಹೋದ ಮೇಲೂ ನಮ್ಮ ದೇಶದಲ್ಲಿ ಬಹುಕಾಲ ತಯಾರಾಯಿತು. ಬೇರೆ ಮಾದರಿಗಳಲ್ಲಿ ಬಿಡಿಭಾಗಗಳು ಸ್ವಲ್ಪ ಬೇರೆಯಾಗಿದ್ದರೂ ಪರೀಕ್ಷೆಯ ಕ್ರಮ ಹೆಚ್ಚುಕಡಮೆ ಇದೇ.

ಚುಕ್ಕಾಣಿಗೂ ಕೊಂಡಿಗೂ ಏನು ಸಂಬಂಧ?

ಕೊಂಡಿ ಇರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಅಲ್ಲಿ ಭಾರ ಬಿದ್ದಾಗ ಜೀಪು ಏತದ ಮರದಂತೆ ವರ್ತಿಸುತ್ತದೆ. ಹಿಂಭಾಗ ತಗ್ಗಿ, ಮುಂಭಾಗ ಹಗುರವಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಈ ಜೀಪಿನ ಎರಡು ಅಚ್ಚುಗಳ ನಡುವಣ ದೂರ 80 ಅಂಗುಲ. ಕೊಂಡಿ ಹಿಂದಿನ ಅಚ್ಚಿನಿಂದ 24 ಅಂಗುಲ ಹಿಂದಿದ್ದು, ಅದರ ಮೇಲೆ 100 ಕಿಲೋ ಭಾರ ಬಿತ್ತೆನ್ನಿ. ನೂರನ್ನು 24ರಿಂದ ಗುಣಿಸಿ 80ರಿಂದ ಭಾಗಿಸಿದರೆ 30 ಬರುತ್ತದೆ. ಮುಂದಿನ ಗಾಲಿಗಳಿಂದ 30 ಕಿಲೋ ಎದ್ದುಹೋಯಿತು. ಹಿಂದಿನ ಗಾಲಿಗಳ ಮೇಲೆ 130 ಕಿಲೋ ಕೂತಿತು. ನೆಲವನ್ನು ಹಿಡಿದು ದಾರಿ ತೋರಬೇಕಾದ ಗಾಲಿಗಳೇ ಸಡಿಲವಾದವು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಟ್ರೇಲರ್ ಹಳ್ಳದಿಣ್ಣೆಯಲ್ಲಿ ಅತ್ತಿತ್ತ ಓಲಾಡುವಾಗ ಜೀಪಿನ ಬಾಲವನ್ನು ಪಕ್ಕಕ್ಕೆ ಎಳೆಯುತ್ತದೆ. ನಡೆಸುವವನು ಆ ಕ್ಷಣವೇ ಚುಕ್ಕಾಣಿಯಿಂದ ಸರಿಪಡಿಸಬೇಕು. ಚುಕ್ಕಾಣಿ ಚಕ್ರ ಮೂರು ಅಂಗುಲ ಸುಮ್ಮನೆ ತಿರುಗಿ ಆಮೇಲೆ ಗಾಲಿ ಅಲುಗುವುದಾದರೆ, ಆ ಉತ್ತರ ತಡವಾಗಿ ತಲಪುತ್ತದೆ. ಅಷ್ಟರಲ್ಲಿ ಟ್ರೇಲರ್ ಇನ್ನೊಂದು ಕಡೆಗೆ ವಾಲಿರುತ್ತದೆ. ಸಮತಟ್ಟು ದಾರಿಯಲ್ಲಿ ಇದು ಬರಿಯ ಕಿರುಕುಳ. ದಿಂಬಂ ಘಟ್ಟದ 27 ತಿರುವುಗಳಲ್ಲಿ, ಹಿಂದಿನಿಂದ ಭಾರ ನೂಕುತ್ತಿರುವಾಗ, ಇದು ಪ್ರಾಣದ ಮಾತು.

ಸಡಿಲವನ್ನು ಹುಡುಕುವ ಕ್ರಮ

ಚುಕ್ಕಾಣಿ ಸಡಿಲವಾಯಿತೆಂದರೆ ಹಲವರು ಮಾಡುವ ಮೊದಲ ಕೆಲಸ ಸ್ಟೀರಿಂಗ್ ಪೆಟ್ಟಿಗೆಯ ತಿರುಪನ್ನು ಬಿಗಿಮಾಡುವುದು. ಇದು ತಲೆಕೆಳಗಾದ ಕ್ರಮ. ಗಾಲಿಯಿಂದ ಹೊರಟು ಪೆಟ್ಟಿಗೆಯ ಕಡೆಗೆ ಬರಬೇಕು.

ಮೊದಲು ಟೈರುಗಳ ಗಾಳಿ ಎರಡೂ ಕಡೆ ಸಮವಾಗಿದೆಯೇ, ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ ನೋಡಿರಿ. ಆಮೇಲೆ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಆಧಾರ ಕೊಡಿರಿ. ಬರಿಯ ಜಾಕಿಯನ್ನು ನಂಬಿ ಕೆಳಗೆ ನುಸುಳಬಾರದು.

ಎತ್ತಿದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿರಿ. ಅಲುಗಿದರೆ ಇನ್ನೊಬ್ಬರು ಬ್ರೇಕನ್ನು ತುಳಿದು ಹಿಡಿಯಲಿ. ಆಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಗಾಲಿ ತಿರುಗುವ ಕೀಲಾದ ಕಿಂಗ್ ಪಿನ್ನಿನದು. ಈ ಚಿಕ್ಕ ಪರೀಕ್ಷೆ ಅನಾವಶ್ಯಕ ರಿಪೇರಿಯ ಖರ್ಚನ್ನು ಉಳಿಸುತ್ತದೆ. ಕಿಂಗ್ ಪಿನ್ನಿನ ಬೇರಿಂಗುಗಳ ಬಿಗಿತವನ್ನು ತೆಳುತಗಡಿನ ಶಿಮ್‌ಗಳಿಂದ ಹೊಂದಿಸುತ್ತಾರೆ. ಅದನ್ನು ತಿಳಿದ ಮೆಕ್ಯಾನಿಕ್‌ನ ಕೈಯಲ್ಲೇ ಮಾಡಿಸುವುದು ಮೇಲು.

ಮುಂದೆ ಗಾಲಿಗಳನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಒಬ್ಬರು ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಆಡಿಸಲಿ. ಇನ್ನೊಬ್ಬರು ಮುಂದೆ ಕುಳಿತು ಒಂದೊಂದು ಸಂದಿಗೂ ಬೆರಳಿಟ್ಟು ನೋಡಲಿ. ಟೈರಾಡ್ ತುದಿಗಳು, ಡ್ರ್ಯಾಗ್ ಲಿಂಕಿನ ಎರಡು ತುದಿಗಳು, ಆಮೇಲೆ ಮುಂಭಾಗದ ನಡುವೆ ಇರುವ ಬೆಲ್ ಕ್ರ್ಯಾಂಕ್. ಮೊಳಕೈಯಂತೆ ಬಾಗಿದ ಈ ತುಂಡು ಡ್ರ್ಯಾಗ್ ಲಿಂಕಿನ ಎಳೆತವನ್ನು ಎರಡು ಗಾಲಿಗಳಿಗೂ ಹಂಚುತ್ತದೆ. ಗ್ರೀಸು ಕಾಣದೆ ಇದರ ಪಿನ್ನು ಸವೆದರೆ ಎರಡೂ ಗಾಲಿಗಳು ಒಟ್ಟಿಗೆ ಸಡಿಲಾಗುತ್ತವೆ. ನಮ್ಮ ಜೀಪಿನಲ್ಲಿ ಪರೀಕ್ಷೆ ಮಾಡಿದಾಗ ಸಡಿಲದ ಬಹುಭಾಗ ಇದ್ದುದು ಈ ಪಿನ್ನಿನಲ್ಲೇ ಹೊರತು ಪೆಟ್ಟಿಗೆಯಲ್ಲಲ್ಲ. ಒಂದು ಪಾಲು ಹೊಯ್ದಾಟ ಕಂಡ ಕೂಡಲೆ ಪಿನ್ನನ್ನೂ ಬೇರಿಂಗನ್ನೂ ಬದಲಿಸಿರಿ. ತಗಡು ತುರುಕಿ ಬಿಗಿಮಾಡುವ ಉಪಾಯ ಬೇಡ.

ಪ್ಲೇಟುಗಳ ಯು ಬೋಲ್ಟು, ಶ್ಯಾಕಲ್ಲಿನ ಬುಷ್ಷು, ಪೆಟ್ಟಿಗೆಯನ್ನು ಚಾಸಿಗೆ ಬಿಗಿದ ಬೋಲ್ಟುಗಳು ಇವನ್ನೂ ಬಿಡಬೇಡಿರಿ. ಆ ಬೋಲ್ಟುಗಳ ಸುತ್ತ ಚಾಸಿಯೇ ಬಿರುಕು ಬಿಟ್ಟಿರುವುದೂ ಉಂಟು. ತಂತಿಬ್ರಶ್ಶಿನಿಂದ ಮಣ್ಣು ಉಜ್ಜಿ ತೆಗೆದಲ್ಲದೆ ಅದು ಕಾಣಿಸದು.

ಪೆಟ್ಟಿಗೆಯ ತಿರುಪು ಕೊನೆಗೆ

ಇಷ್ಟೆಲ್ಲ ಸರಿಯಾದ ಮೇಲೂ ಸಡಿಲ ಉಳಿದರೆ ಪೆಟ್ಟಿಗೆಗೆ ಕೈ ಹಾಕಬಹುದು. ಅದರೊಳಗೆ ಸುರುಳಿ ಗಾಡಿಯುಳ್ಳ ದಂಡವೊಂದಿದೆ. ಆ ಗಾಡಿಯಲ್ಲಿ ಸನ್ನೆಯೊಂದರ ಮೊಳೆಗಳು ಓಡಾಡುತ್ತವೆ. ಚುಕ್ಕಾಣಿ ಕಂಬ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದರೆ ಮೊದಲು ಅದನ್ನು ಶಿಮ್ ತೆಗೆದು ಸರಿಪಡಿಸಬೇಕು. ಆಮೇಲೆ ಪಕ್ಕದ ಮುಚ್ಚಳದ ತಿರುಪು. ಇದನ್ನು ಹೊಂದಿಸುವಾಗ ಗಾಲಿಗಳು ನೇರಕ್ಕಿರಬೇಕು. ಏಕೆಂದರೆ ಗಾಡಿ ನಡುವೆ ಬಿಗಿಯಾಗಿಯೂ ಎರಡು ಕೊನೆಗಳಲ್ಲಿ ಸಡಿಲವಾಗಿಯೂ ಇರುವಂತೆ ಮಾಡಿರುತ್ತಾರೆ. ಗಾಲಿ ತಿರುಗಿಸಿಟ್ಟು ತಿರುಪು ಬಿಗಿದರೆ, ನೇರಕ್ಕೆ ಬರುವಾಗ ಚುಕ್ಕಾಣಿ ಕಚ್ಚಿಕೊಳ್ಳುತ್ತದೆ. ತಿರುವು ಮುಗಿದ ಮೇಲೂ ಗಾಲಿ ತಾನಾಗಿ ನೇರವಾಗದು. ತಿರುಪು ಬಿಗಿದ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಮಾಡಿಕೊಳ್ಳಿರಿ.

ಕಡೆಯದಾಗಿ ಗಾಲಿಗಳ ನೇರ. ಮುಂದಿನ ಗಾಲಿಗಳನ್ನು ಎತ್ತಿ, ತಿರುಗಿಸುತ್ತ, ಟೈರಿನ ನಡುವೆ ಮೊಳೆಯಿಂದ ಗೆರೆ ಎಳೆಯಿರಿ. ಇಳಿಸಿ, ಜೀಪನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿ, ಗಾಲಿಯ ನಡುಮಟ್ಟದಲ್ಲಿ ಎರಡು ಗೆರೆಗಳ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಮುಂದಿನ ಅಳತೆ ಒಂದರಿಂದ ಎರಡೂವರೆ ಮಿಲಿಮೀಟರಿನಷ್ಟು ಕಡಮೆಯಿರಬೇಕು.

ಈಗ ಕೊಂಡಿ

ಕೊಂಡಿಯನ್ನು ಬಂಪರಿಗಾಗಲಿ, ಬಾಡಿಯ ತಗಡಿಗಾಗಲಿ ಹಾಕಿಸಕೂಡದು. ಎಳೆತವೆಲ್ಲ ಚಾಸಿಗೆ ಹೋಗಬೇಕು. ಚಾಸಿಯ ಎರಡು ಉದ್ದನೆಯ ತೊಲೆಗಳಿಗೂ ಹಿಂದಿನ ಅಡ್ಡತೊಲೆಗೂ ಸೇರುವಂತೆ ದಪ್ಪ ಪ್ಲೇಟುಗಳನ್ನು ಕೊಟ್ಟು ಬೋಲ್ಟು ಹಾಕಿಸಿರಿ. ತೂತನ್ನು ತೊಲೆಯ ನಿಂತ ಮುಖದಲ್ಲಿ ಕೊರೆಯಬೇಕು. ಮೇಲಿನ, ಕೆಳಗಿನ ಅಂಚುಗಳಲ್ಲಿ ಕೊರೆದರೆ ತೊಲೆಯ ಬಲವೇ ಕುಗ್ಗುತ್ತದೆ. ತುಕ್ಕು ತಿಂದ ಚಾಸಿಗೆ ಕೊಂಡಿ ಬೇಡವೇ ಬೇಡ.

ಬೋಲ್ಟು ಕೊಳ್ಳುವಾಗ ತಲೆಯ ಮೇಲೆ 8.8 ಎಂದು ಅಚ್ಚಾಗಿರುವುದನ್ನೇ ಕೇಳಿರಿ. 4.6 ಎಂದಿರುವ ಸಾಧಾರಣ ಬೋಲ್ಟಿಗಿಂತ ಅದು ಎರಡರಷ್ಟು ಎಳೆತವನ್ನು ತಡೆಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿರಿ. ಕೊಂಡಿಯ ಎತ್ತರ ಟ್ರೇಲರಿನ ಮೂಕಿ ನೆಲಕ್ಕೆ ಸಮನಾಗಿ ನಿಲ್ಲುವಷ್ಟಿರಲಿ.

ಗಾಡಿಗೆ ಕಡಾಣಿ ಹೇಗೋ ಟ್ರೇಲರಿಗೆ ಕಾವಲು ಸರಪಳಿ ಹಾಗೆ. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರವಾಗಿ ಹಾಯಿಸಿ ಚಾಸಿಗೆ ಸಿಕ್ಕಿಸಬೇಕು. ಕೊಂಡಿ ಕಳಚಿದರೂ ಮೂಕಿ ಸರಪಳಿಗಳ ತೊಟ್ಟಿಲಲ್ಲಿ ಬೀಳುತ್ತದೆಯೇ ಹೊರತು ನೆಲಕ್ಕೆ ನಾಟಿ ಪಲ್ಟಿ ಹೊಡೆಯುವುದಿಲ್ಲ. ಹಿಂದಿನ ದೀಪ, ಬ್ರೇಕ್ ದೀಪ, ತಿರುವಿನ ದೀಪಗಳು ಟ್ರೇಲರಿನಲ್ಲೂ ಉರಿಯಬೇಕು.

ಭಾರ ಹೇರುವ ಬಗೆ

ಇದನ್ನು ಗಾಡಿ ಹೂಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರ ಹೆಚ್ಚಿದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರೂ ಹಾಗೆಯೇ. ಹಿಂಭಾರವಾದ ಟ್ರೇಲರ್ ಹಾವಿನಂತೆ ಹರಿದಾಡುತ್ತದೆ. ಮುಂಭಾರ ಮಿತಿಮೀರಿದರೆ ಜೀಪಿನ ಮುಂದಿನ ಗಾಲಿ ಹಗುರಾಗುತ್ತದೆ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲಿರಲಿ. ಎಲೆಕೋಸು ತೂಗುವ ಯಂತ್ರದ ಮೇಲೆ ಕೊಂಡಿಯ ಎತ್ತರಕ್ಕೆ ಬರುವ ಮರದ ದಿಮ್ಮಿಯಿಟ್ಟು, ಮೂಕಿಯನ್ನು ಅದರ ಮೇಲೆ ಊರಿದರೆ ಲೆಕ್ಕ ಸಿಕ್ಕುತ್ತದೆ.

ಬ್ರೇಕಿಲ್ಲದ ಟ್ರೇಲರಿನ ತೂಕ, ಸರಕೂ ಸೇರಿ, ಜೀಪಿನ ತೂಕದ ಅರ್ಧವನ್ನು ಮೀರದಿರಲಿ. ಈ ಜೀಪಿನ ತೂಕ ಸುಮಾರು ಒಂದು ಟನ್ನು. ಅಂದರೆ ಟ್ರೇಲರ್ 500 ಕಿಲೋ ಒಳಗೆ. ಕಂಪನಿಯ ಕೈಪಿಡಿ ಇದಕ್ಕಿಂತ ಕಡಮೆ ಹೇಳಿದ್ದರೆ ಅದೇ ಪ್ರಮಾಣ. ಘಟ್ಟ ಇಳಿಯುವಾಗ ಮೇಲಿನಿಂದಲೇ ಕೆಳ ಗೇರಿಗೆ ಹಾಕಿ, ಬ್ರೇಕನ್ನು ತಿರುವಿಗೆ ಮೊದಲೇ ತುಳಿಯಿರಿ. ತಿರುವಿನ ನಡುವೆ ತುಳಿದರೆ ಟ್ರೇಲರ್ ಜೀಪಿನ ಬಾಲವನ್ನು ಹೊರಕ್ಕೆ ನೂಕಿ ಎರಡೂ ಚಾಕುವಿನಂತೆ ಮಡಚಿಕೊಳ್ಳಬಹುದು.

ಕಾಗದಪತ್ರಗಳ ಮಾತು

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಒಂದು ವಾಹನವೇ. ಅದಕ್ಕೆ ತನ್ನದೇ ನೋಂದಣಿ ಬೇಕು. ಅದರ ಹಿಂದೆ ಎಳೆಯುವ ಜೀಪಿನ ನಂಬರೂ ಕಾಣಬೇಕು. ವಾಹನದ ರಚನೆ ಬದಲಿಸುವುದಕ್ಕೆ 52ನೆಯ ಕಲಮಿನಲ್ಲಿ ಕಟ್ಟುಪಾಡುಗಳಿವೆ. ಆದುದರಿಂದ ಕೊಂಡಿ ಹಾಕಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿಕೊಳ್ಳುವುದು ಜಾಣತನ.

ಗಡಿಯಲ್ಲಿರುವ ನಮಗೆ ಇನ್ನೊಂದು ಎಚ್ಚರ ಬೇಕು. ಚಾಮರಾಜನಗರದ ಕಡೆಯಿಂದ ಕೊಂಡು ತಂದ ಜೀಪನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ, 47ನೆಯ ಕಲಮಿನಂತೆ ಈ ರಾಜ್ಯದ ನಂಬರಿಗೆ ಅರ್ಜಿ ಹಾಕಬೇಕು. ಹಳೆಯ ಕಚೇರಿಯ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನು ಕೊಳ್ಳುವಾಗಲೇ ಪಡೆದರೆ ಆಮೇಲಿನ ಅಲೆದಾಟ ತಪ್ಪುತ್ತದೆ.

ಹಣ ಸಾಲದೆ ಎರಡರಲ್ಲಿ ಒಂದನ್ನೇ ಈ ವರ್ಷ ಮಾಡಿಸಲು ಸಾಧ್ಯವೆನ್ನುವವರು ಚುಕ್ಕಾಣಿಯನ್ನೇ ಮಾಡಿಸಲಿ. ಕೊಂಡಿಯಿಲ್ಲದ ಜೀಪು ಎರಡು ಸಲ ಓಡಾಡಿ ಕೆಲಸ ಮುಗಿಸುತ್ತದೆ. ಚುಕ್ಕಾಣಿ ಕೆಟ್ಟ ಜೀಪಿಗೆ ಕೊಂಡಿ ಹಾಕಿದರೆ ಎರಡನೆಯ ಸಲ ಹೊರಡುವ ಭರವಸೆಯಿಲ್ಲ.